ಐಎಸ್‌ಒ ಪ್ರಮಾಣಪತ್ರದ ಲಾಭವನ್ನು ಔಟ್‌ಟರ್ನ್ ರಿಜಿಸ್ಟರಿನಲ್ಲಿ ಅಳೆದ ನನ್ನ ಅನುಭವ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಘಟಕಗಳಿಗೆ) ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಪ್ರಮಾಣಪತ್ರದಿಂದ ಆದ ಲಾಭವನ್ನು ರೂಪಾಯಿಯಲ್ಲಿ ತೋರಿಸಲಾಗದು ಎನ್ನುತ್ತಿದ್ದ ಆಡಿಟರ್ ಮಿತ್ರರೇ ಈಗ ನನ್ನ ತಖ್ತೆಯ ನಕಲು ಕೇಳುತ್ತಿದ್ದಾರೆ.

ಮೊದಲು ಎಲ್ಲರಂತೆ ನಾನೂ ಪ್ರಶ್ನಾವಳಿ ಹಂಚಿದೆ. ಐದಕ್ಕೆ ಎಷ್ಟು ಅಂಕ ಎಂದು ಕೇಳಿದರೆ ಮಾಲೀಕರು ನಾಲ್ಕರಿಂದ ಕೆಳಗೆ ಇಳಿಯಲೇ ಇಲ್ಲ. ಹಣ ಕೊಟ್ಟು ಗೋಡೆಗೆ ತೂಗುಹಾಕಿದ್ದನ್ನು ಯಾರು ತಾನೇ ಕಳಪೆ ಎಂದಾರು? ಓಡಾಟ, ಮುದ್ರಣ ಸೇರಿ 25,000 ರೂಪಾಯಿಯಷ್ಟು ಅದರಲ್ಲೇ ಕರಗಿತು. ಬಳಿಕ ವಾರ್ಷಿಕ ಲಾಭವನ್ನು ಹೋಲಿಸಿದಾಗ ಸಿಕ್ಕಿದ್ದು ಕಾಫಿ ದರದ ಏರಿಳಿತವೇ ಹೊರತು ಗುಣಮಟ್ಟದ ಲೆಕ್ಕವಲ್ಲ. 2018ರ ಆಗಸ್ಟ್ ಮಳೆಯ ನಂತರದ ಹಂಗಾಮಿನಲ್ಲಂತೂ ಕಪ್ಪು ಬೀಜ ಹೆಚ್ಚಾಗಿ, ಪ್ರಮಾಣಪತ್ರ ಪಡೆದದ್ದರಿಂದಲೇ ಘಟಕ ಕೆಟ್ಟಿತೆಂಬಂತೆ ಅಂಕಿಗಳು ಕಂಡವು.

ದಾರಿ ಸಿಕ್ಕಿದ್ದು ಔಟ್‌ಟರ್ನ್ ರಿಜಿಸ್ಟರಿನಲ್ಲಿ. ಚೆರ್ರಿ, ಅಂದರೆ ಒಣಗಿದ ಕಾಫಿ ಹಣ್ಣು, ಬಂದಾಗ ಸ್ಯಾಂಪಲ್ ನೋಡಿ ಬರೆಯುವ ಓಟಿ (ಔಟ್‌ಟರ್ನ್, ಒಂದು ಚೀಲ ಚೆರ್ರಿಯಿಂದ ಇಷ್ಟು ಕೆ.ಜಿ. ಬೀಜ ಸಿಗಬಹುದೆಂಬ ಅಂದಾಜು) ಒಂದು. ಅದೇ ಲಾಟ್ ಸಿಪ್ಪೆ ಬಿಡಿಸುವ ಹಲ್ಲರ್, ಗಾತ್ರದಂತೆ ಬೇರ್ಪಡಿಸುವ ಗ್ರೇಡರ್, ಕೆಟ್ಟ ಬೀಜವನ್ನು ಕೈಯಿಂದ ಆರಿಸುವ ಗಾರ್ಬ್ಲಿಂಗ್ ದಾಟಿದ ಮೇಲೆ ನಿಜವಾಗಿ ಸಿಗುವ ತೂಕ ಇನ್ನೊಂದು. ಮಳೆಯ ಪೆಟ್ಟು ಎರಡು ಅಂಕಿಗಳಿಗೂ ಸಮನಾಗಿ ತಗಲುವುದರಿಂದ, ಅವುಗಳ ನಡುವಿನ ಅಂತರವು ಬಹುಮಟ್ಟಿಗೆ ಸ್ಯಾಂಪಲ್ ತೆಗೆಯುವ ಕ್ರಮ, ತೇವಾಂಶ ಮೀಟರಿನ ಕ್ಯಾಲಿಬ್ರೇಷನ್ ಮತ್ತು ಹಲ್ಲರ್‌ನಲ್ಲಿ ಒಡೆಯುವ ಬೀಜ, ಈ ಮೂರರ ಕಥೆಯನ್ನೇ ಹೇಳುತ್ತದೆ. ಇದರೊಂದಿಗೆ ಎರಡನೇ ಬಾರಿ ಗಾರ್ಬ್ಲಿಂಗ್‌ಗೆ ಹೋದ ಲಾಟ್‌ಗಳನ್ನೂ ಎಣಿಸಿ, ಪ್ರಮಾಣಪತ್ರವಿಲ್ಲದ ನೆರೆಯ ಘಟಕದ ಅದೇ ಹಂಗಾಮಿನ ಅಂಕಿಗಳನ್ನು ಪಕ್ಕದಲ್ಲಿಟ್ಟೆ. ಹೋಲಿಕೆಯನ್ನು ಪ್ರಮಾಣಪತ್ರ ಬರುವುದಕ್ಕೆ ಎರಡು ವರ್ಷ ಹಿಂದಿನಿಂದ ಆರಂಭಿಸಬೇಕು, ಏಕೆಂದರೆ ಸುಧಾರಣೆಯ ಒಂದು ಪಾಲು ತಯಾರಿಯ ದಿನಗಳಲ್ಲೇ ಆಗಿಹೋಗಿರುತ್ತದೆ.

ಒಂದು ಮಧ್ಯಮ ಗಾತ್ರದ ಘಟಕದಲ್ಲಿ 50 ಕೆ.ಜಿ. ಚೀಲಕ್ಕೆ ಒಂದು ಕೆ.ಜಿ. ಆಸುಪಾಸಿನಲ್ಲಿದ್ದ ಅಂತರ, ಎರಡನೇ ವರ್ಷದಲ್ಲಿ ಅರ್ಧ ಕೆ.ಜಿ.ಗೆ ಇಳಿಯಿತು, ಹಂಗಾಮಿಗೆ 40ರಷ್ಟಿದ್ದ ಮರುಗಾರ್ಬ್ಲಿಂಗ್ ಲಾಟ್‌ಗಳು 15ಕ್ಕೆ ಬಂದವು. ಲಾಟಿಗೆ 20 ಹೆಂಗಸರ ಒಂದು ದಿನದ ಕೂಲಿ 9,000 ಎಂದು ಹಿಡಿದರೆ ಕೂಲಿಯಲ್ಲೇ ಎರಡೂಕಾಲು ಲಕ್ಷ ಉಳಿಯಿತು. ಸಲಹೆಗಾರರಿಗೆ, ಆಡಿಟ್‌ಗೆ, ಕ್ಯಾಲಿಬ್ರೇಷನ್‌ಗೆ ಮೊದಲ ವರ್ಷ ತೆತ್ತದ್ದು ಎರಡು ಲಕ್ಷದೊಳಗೆ. ಆ ಅವಧಿಯಲ್ಲಿ ನೆರೆಯ ಘಟಕದ ಅಂತರ ಕದಲಲಿಲ್ಲ. ರಫ್ತುದಾರರು ಕೇಳಿದರೆಂಬ ಒಂದೇ ಕಾರಣಕ್ಕೆ ಪ್ರಮಾಣಪತ್ರ ಮಾಡಿಸಿದ ಮೂರನೆಯ ಘಟಕದಲ್ಲೂ ಕದಲಲಿಲ್ಲ. ಅಲ್ಲಿ ಎನ್‌ಸಿಗಳನ್ನು (ಆಡಿಟ್‌ನಲ್ಲಿ ಗುರುತಿಸಿದ ಲೋಪಗಳನ್ನು) ಸರಿಪಡಿಸಿ ಮುಚ್ಚುವುದು ಸರ್ವೇಲೆನ್ಸ್ ಆಡಿಟ್‌ನ, ಅಂದರೆ ಪ್ರಮಾಣಪತ್ರ ಬಂದ ನಂತರದ ನಿಯತ ತಪಾಸಣೆಯ, ಹಿಂದಿನ ರಾತ್ರಿ. ಅವರಿಗೆ ಆರ್ಡರ್ ಸಿಕ್ಕಿತು ನಿಜ, ಆದರೆ ಆ ಲಾಭ ಈ ತಖ್ತೆಗೆ ಬರುವಂಥದ್ದಲ್ಲ.

ಯಾವ ಲಾಟ್‌ಗಳನ್ನು ಲೆಕ್ಕಕ್ಕೆ ಹಿಡಿಯುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಹಂಗಾಮಿನಲ್ಲಿ ಅವಷ್ಟೇ ಚೊಕ್ಕವಾಗಿರುತ್ತವೆ.

ಇದೇ ವಿಧಾನವನ್ನು ಕಾಳುಮೆಣಸಿನ ಲೀಟರ್ ತೂಕದ (ಒಂದು ಲೀಟರ್ ಅಳತೆಯ ಕಾಳು ಎಷ್ಟು ಗ್ರಾಂ ತೂಗುತ್ತದೆಂಬ ಗುಣಮಟ್ಟದ ಅಳತೆಯ) ಮೇಲೂ ಪ್ರಯೋಗಿಸಿ ನೋಡಿದೆ. ವ್ಯಾಪಾರಿಗಳು ಗೋದಾಮಿನಲ್ಲಿ ಹಲವು ತೋಟಗಳ ಮಾಲನ್ನು ಬೆರೆಸಿಬಿಡುವುದರಿಂದ ಆರಂಭದ ಅಂಕಿ ಯಾವ ಲಾಟಿನದೆಂದೇ ತಿಳಿಯದೆ ಅದು ಕೈಗೂಡಲಿಲ್ಲ. ಚೀಲಗಳಿಗೆ ಬಣ್ಣದ ದಾರ ಕಟ್ಟಿ ಈ ವರ್ಷ ಮತ್ತೆ ನೋಡುವವನಿದ್ದೇನೆ.