‘ಆಯ್ತು ಸಾರ್’ ಅಂದ್ರೆ ಏನಾಯ್ತು?

ಫೋನಲ್ಲಿ ಕೆಲಸ ಹೇಳುವವರೇ, ಆ ಕಡೆಯಿಂದ ‘ಆಯ್ತು ಸಾರ್’ ಬಂದ ತಕ್ಷಣ ಫೋನ್ ಇಡಬೇಡಿ. ‘ಎಷ್ಟು, ಯಾವತ್ತು, ಎಲ್ಲಿಗೆ, ಒಂದ್ಸಲ ನೀವೇ ಹೇಳಿಬಿಡಿ’ ಅನ್ನಿ. ನಮ್ಮನೆ ಕಟ್ಟುವಾಗ ನಾನು ‘ಫಿಫ್ಟೀನ್’ ಮೂಟೆ ಸಿಮೆಂಟ್ ಅಂದದ್ದು ಅಂಗಡಿಯವರಿಗೆ ‘ಫಿಫ್ಟಿ’ ಅಂತ ಕೇಳಿಸಿತ್ತು. (ಹದಿನೈದು ಅಂದಿದ್ದರೆ ಆಗ್ತಿತ್ತು, ನನಗೇ ದೊಡ್ಡಸ್ತಿಕೆ!) ಉಳಿದ ಮೂಟೆಗಳು ಮಳೆಗಾಲದಲ್ಲಿ ಕಲ್ಲಾದವು.

ಪೈಲಟ್‌ಗಳೂ ಅಷ್ಟೇ, ಕಂಟ್ರೋಲ್ ಟವರ್ ಹೇಳಿದ ರನ್‌ವೇ, ಎತ್ತರವನ್ನೆಲ್ಲ ತಿರುಗಿ ಹೇಳಲೇಬೇಕು. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಪೈಲಟ್, ಟವರ್ ನಡುವೆ ಮಾತು ತಪ್ಪಾಗಿ ಅರ್ಥವಾಗಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತ ಮೇಲೆ, ಬರೀ ‘ಓಕೆ’ ಸಾಲದು ಅನ್ನುವ ನಿಯಮ ಇನ್ನೂ ಬಿಗಿಯಾಯಿತು.

ಎದುರಿನವರಿಗೆ ಬೇಜಾರಾದೀತು ಅನ್ನಿಸಿದರೆ, ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಅಂತ ಕೇಳ್ದೆ’ ಅನ್ನಿ. ಹಿರಿಯರ ಹತ್ತಿರವೂ ಇದು ನಡೆಯುತ್ತೆ.