ಕೂಸಿಗೆ ಹಾಲು ಸಾಲ್ತದಾ ಅಂತ ನೋಡಿದ್ದು ಹೆಂಗೆ, ಬಾಟಲಿ ಹಿಡಿಸಿದ್ದು ಹೆಂಗೆ: ನನ್ನ ಅನುಭವ

ಸಿರ್ಸಿ ಹತ್ರದ ತವರುಮನೆಲಿ ಬಾಣಂತನ, ಆಮೇಲೆ ಕಾರವಾರದಲ್ಲಿ ಆಫೀಸು, ಹಂಗಾಗಿ ಎದೆಹಾಲು, ಬಾಟಲಿ ಎರಡೂ ನೋಡಿದವಳು ನಾನು. ಈಗ ನಮ್ಮ ಕಡೆ ಯಾರಿಗೇ ಹೆರಿಗೆ ಆದ್ರೂ ಫೋನ್ ಮಾಡಿ ಕೇಳೋದು ಒಂದೇ, ಹಾಲು ಸಾಲ್ತಿಲ್ಲ ಕಾಣ್ತದೆ ಏನ್ ಮಾಡ್ಲಿ ಅಂತ. ನಮ್ಮಜ್ಜಿಯೂ ಕೂಸು ಅತ್ತಾಗೆಲ್ಲಾ "ತಂಗೀ, ಕೂಸಿಗೆ ಹಾಲು ಸಾಲ್ತಿಲ್ಲೆ ಕಾಣ್ತು" ಅಂತಿದ್ರು, ಪಾಪ ಪ್ರೀತಿಗೆ ಹೇಳೋದು, ಆದ್ರೆ ಬಾಣಂತಿಗೆ ಆ ಮಾತು ಎದೆಗೆ ನಾಟ್ತದೆ. ಕೂಸು ಅಳೋದಕ್ಕೆ ಹಸಿವು ಒಂದೇ ಕಾರಣ ಅಲ್ಲ, ಸೆಖೆ, ಗಾಳಿ, ನಿದ್ದೆ, ಸುಮ್ನೆ ಎತ್ಕೊಳ್ಳಲಿ ಅಂತನೂ ಅಳ್ತದೆ. ಅದಕ್ಕೆ ನಾನು ಅಳು ನೋಡೋದು ಬಿಟ್ಟು ಲಂಗೋಟಿ ನೋಡ್ತಿದ್ದೆ.

ಲೆಕ್ಕ ಸುಲಭ. ಮೊದಲನೇ ದಿನ ಒಂದು ಸಲ ಉಚ್ಚೆ ಹೋದ್ರೂ ಸಾಕು, ಎರಡನೇ ದಿನ ಎರಡು, ಹಂಗೇ ಏರ್ತಾ ಹೋಗಿ 5ನೇ ದಿನದ ಮೇಲೆ ದಿನಕ್ಕೆ ಕಮ್ಮಿ ಅಂದ್ರೂ 6 ಲಂಗೋಟಿ ಚೆನ್ನಾಗಿ ಒದ್ದೆ ಆಗ್ಬೇಕು, ಕಕ್ಕ ಕಪ್ಪಿನಿಂದ ಹಸಿರಾಗಿ ಆಮೇಲೆ ಹಳದಿಗೆ ತಿರುಗಬೇಕು. ಡೈಪರ್‌ಗಿಂತ ಹಳೇ ಹತ್ತಿ ಸೀರೆಯ ಬಟ್ಟೆಲಿ ಇದು ಸರಿಯಾಗಿ ಗೊತ್ತಾಗ್ತದೆ. ಇನ್ನೊಂದು ತೂಕ. ಹುಟ್ಟಿದ ಮೇಲೆ ನೂರಕ್ಕೆ 7ರಷ್ಟು ಇಳಿಯೋದು ಸಹಜ, 10ಕ್ಕಿಂತ ಜಾಸ್ತಿ ಇಳಿದ್ರೆ ಡಾಕ್ಟ್ರು ನೋಡ್ಲೇಬೇಕು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಆಸ್ಪತ್ರೆ ಹೆರಿಗೆ ಆಗಿದ್ರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡೋ ವ್ಯವಸ್ಥೆ ಇದೆ, ತೂಕ ಮಾಡಿಸ್ಕೊಳ್ಳಿ, ತಾಯಿ ಕಾರ್ಡಲ್ಲಿ ಬರೆಸಿ. ಕೂಸು ಎಬ್ಬಿಸಿದ್ರೂ ಏಳದೇ ಮಂಕಾಗಿ ಮಲಗಿದ್ರೆ, ಉಚ್ಚೆ ಕಮ್ಮಿ ಆದ್ರೆ, ಮೈ ಹಳದಿ ಏರ್ತಾ ಇದ್ರೆ ನಾಳೆ ಅನ್ನಬೇಡಿ, ಅವತ್ತೇ ಕರ್ಕೊಂಡು ಹೋಗಿ.

ಮೊದಲ ದಿನಗಳ ಹಳದಿ ಅಂಟು ಹಾಲು ಸ್ವಲ್ಪವೇ ಬರೋದು, ಆ ಹೊಟ್ಟೆಗೆ ಒಂದು ಸಲಕ್ಕೆ ಒಂದೆರಡು ಟೀ ಚಮಚ ಸಾಕು, ಅದನ್ನ ಹಿಂಡಿ ಚೆಲ್ಲೋದು ಮಾತ್ರ ಯಾರು ಹೇಳಿದ್ರೂ ಬೇಡ. ದಿನಕ್ಕೆ 8ರಿಂದ 12 ಸಲ ಕುಡಿಸ್ಬೇಕು, ರಾತ್ರಿನೂ. ರಾತ್ರಿ ಹಾಲು ತರಿಸೋ ಹಾರ್ಮೋನ್ ಜಾಸ್ತಿ ಇರ್ತದೆ, ಎಷ್ಟು ಖಾಲಿ ಆಗ್ತದೋ ಅಷ್ಟು ತುಂಬ್ತದೆ.

ಹಾಲು ಖಾಲಿ ಆಗ್ಬೇಕು ಅಂದ್ರೆ ಕೂಸು ಹಿಡಿಯೋ ರೀತಿ ಸರಿ ಇರ್ಬೇಕು, ನನ್ನ ಪ್ರಕಾರ ಎಲ್ಲಾ ಇರೋದು ಇಲ್ಲೇ. ನನಗೆ ಸಿಸೇರಿಯನ್ ಆಗಿದ್ದು, ತೊಡೆ ಮೇಲೆ ಮಲಗಿಸ್ಕೊಂಡ್ರೆ ಹೊಲಿಗೆ ನೋಯ್ತಿತ್ತು, ಅದಕ್ಕೆ ಪಕ್ಕದಲ್ಲಿ ದಿಂಬು ಇಟ್ಟು ಕೂಸನ್ನ ಕಂಕುಳ ಕೆಳಗೆ, ಕಾಲು ನನ್ನ ಬೆನ್ನ ಕಡೆ ಬರೋ ಹಂಗೆ ಹಿಡ್ಕೊಳ್ತಿದ್ದೆ. ಮೊಲೆತೊಟ್ಟು ಅದರ ಮೂಗಿನ ನೇರಕ್ಕೆ ತಂದು ಮೇಲಿನ ತುಟಿಗೆ ಮುಟ್ಟಿಸೋದು, ಆಕಳಿಸೋ ಹಂಗೆ ಬಾಯಿ ದೊಡ್ಡದಾಗಿ ಬಿಡೋವರೆಗೆ ಕಾಯೋದು, ಬಿಟ್ಟ ಕೂಡ್ಲೇ ಕೂಸನ್ನ ಎದೆಗೆ ತರೋದು, ನಾವು ಬಗ್ಗಿ ಎದೆಯನ್ನ ಕೂಸಿನ ಬಾಯಿಗೆ ತುರುಕೋದಲ್ಲ. ಗದ್ದ ಎದೆಗೆ ತಾಗಿರ್ಬೇಕು, ಕೆಳತುಟಿ ಹೊರಗೆ ಮಡಚಿರ್ಬೇಕು, ತೊಟ್ಟಿನ ಸುತ್ತ ಇರೋ ಕಪ್ಪು ಭಾಗ ಕೆಳಗಿಗಿಂತ ಮೇಲೆ ಜಾಸ್ತಿ ಕಾಣಬೇಕು. ಬರೀ ತೊಟ್ಟು ಚೀಪಿದ್ರೆ ತೊಟ್ಟು ಒಡೀತದೆ, ಹಾಲೂ ಇಳಿಯೋದಿಲ್ಲ. ನೋವು ನಿಲ್ಲದಿದ್ರೆ ಕಿರುಬೆರಳನ್ನ ಬಾಯಿ ಮೂಲೆಗೆ ಹಾಕಿ ಬಿಡಿಸಿ ಮತ್ತೆ ಹಿಡಿಸಿ, ಹಲ್ಲು ಕಚ್ಚಿ ತಡ್ಕೊಂಡು ಕೂರೋದು ಬೇಡ. ಎದೆ ಕಲ್ಲಿನಂಗೆ ಗಟ್ಟಿ ಆದಾಗ ಮೊದಲು ಸ್ವಲ್ಪ ಕೈಲಿ ಹಿಂಡಿ ಮೆತ್ತಗೆ ಮಾಡಿ ಹಿಡಿಸ್ತಿದ್ದೆ. ಕೆಂಪಾಗಿ ಜ್ವರ ಬಂದ್ರೆ ಡಾಕ್ಟ್ರ ಹತ್ರ ಹೋಗಿ, ಆದ್ರೆ ಕುಡಿಸೋದು ನಿಲ್ಲಿಸ್ಬೇಡಿ.

ಬಾಣಂತನದ ಊಟಕ್ಕೆ ನಾನೇನೂ ತಕರಾರು ಮಾಡ್ಲಿಲ್ಲ, ಆಯಿ (ನನ್ನ ಅಮ್ಮ) ಮಾಡಿದ ಮೆಂತೆ, ಬೆಳ್ಳುಳ್ಳಿ, ತುಪ್ಪ ಎಲ್ಲಾ ತಿಂದೆ. ಬಾಣಂತಿ ನೀರು ಕುಡಿಯೋ ಹಂಗಿಲ್ಲ ಅನ್ನೋದನ್ನ ಮಾತ್ರ ಒಪ್ಪಲಿಲ್ಲ, ಬಾಯಾರಿದಾಗೆಲ್ಲ ಕುಡ್ದೆ. ಕೂಸಿಗೆ ಮಾತ್ರ 6 ತಿಂಗಳು ನೀರು ಬೇಡ, ಕರಾವಳಿಯ ಏಪ್ರಿಲ್ ಸೆಖೆಲೂ ಬೇಡ, ಎದೆಹಾಲಲ್ಲಿ ನೂರಕ್ಕೆ 87ರಷ್ಟು ನೀರೇ ಇರ್ತದೆ. ಜೇನು ಒಂದು ವರ್ಷದವರೆಗೆ ನೆಕ್ಕಿಸಲೇಬಾರದು, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೇ ಕರುಳಲ್ಲಿ ವಿಷ ಮಾಡ್ತದೆ. ಆಯಿಗೆ ಇದನ್ನ ಕೂತು ನಿಧಾನಕ್ಕೆ ಹೇಳ್ದೆ, ಕೇಳಿದ್ರು.

ಆಫೀಸಿಗೆ ಹೋಗೋಕೆ ಕೆಲವು ವಾರ ಮುಂಚೆ ಹಿಂಡೋದು ರೂಢಿ ಮಾಡ್ಕೊಂಡೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಹಿಂದೆ ಇಟ್ಟು ಮೊದಲು ಎದೆಗೂಡಿನ ಕಡೆ ಒತ್ತಿ ಆಮೇಲೆ ಅಮುಕಿ ಬಿಡೋದು, ಚರ್ಮದ ಮೇಲೆ ಬೆರಳು ಜಾರಿಸೋದಲ್ಲ. ಮನೆ ಬಿಟ್ಟಿರೋ ಒಂದೊಂದು ತಾಸಿಗೆ ಸುಮಾರು 30 ಎಂ.ಎಲ್. ಲೆಕ್ಕ ಹಾಕಿ ಇಡ್ತಿದ್ದೆ. ಹಿಂಡಿದ ಹಾಲು 25 ಡಿಗ್ರಿ ಒಳಗಿನ ಕೋಣೆಲಿ 4 ತಾಸು ಇರ್ತದೆ, ಆದ್ರೆ ಕಾರವಾರದಲ್ಲಿ ಅಷ್ಟು ತಂಪು ಎಲ್ಲಿ ಬರ್ಬೇಕು, ನಾನು ಕೂಡ್ಲೇ ಫ್ರಿಜ್ಜಿಗೆ, ಅದೂ ಬಾಗಿಲಲ್ಲಿ ಅಲ್ಲ ಒಳಗೆ ಹಿಂದುಗಡೆ. ಅಲ್ಲಿ 4 ದಿನ ಇಡಬಹುದು, ನಾನು ಮರುದಿನವೇ ಮುಗಿಸ್ತಿದ್ದೆ. ಬಿಸಿ ನೀರಿನ ಪಾತ್ರೆಲಿ ಇಟ್ಟು ಬೆಚ್ಚಗೆ ಮಾಡಿ, ಗ್ಯಾಸ್ ಮೇಲೆ ಇಡ್ಬೇಡಿ.

ಬಾಟಲಿಯನ್ನ ಮೊದಲು ಕೊಟ್ಟಿದ್ದು ಅತ್ತೆ, ನನ್ನ ಕೈಲಿ ಕೂಸು ಮುಟ್ಲಿಲ್ಲ, ವಾಸನೆಗೆ ಎದೆನೇ ಹುಡುಕ್ತಿತ್ತು. ಮಲಗಿಸಿ ಬಾಯಿಗೆ ಸುರಿಯೋದಲ್ಲ, ಕೂಸನ್ನ ಸ್ವಲ್ಪ ನೆಟ್ಟಗೆ ಕೂರಿಸ್ಕೊಂಡು ಬಾಟಲಿ ಅಡ್ಡ ಹಿಡಿದು, ಸಣ್ಣ ತೂತಿನ ನಿಪ್ಪಲ್ ಹಾಕಿ, ನಾಲ್ಕೈದು ಗುಟುಕಿಗೆ ಒಂದ್ಸಲ ಬಾಟಲಿಯ ಬುಡ ತಗ್ಗಿಸಿ, ಹಾಲು ನಿಲ್ಲೋ ಹಂಗೆ ಮಾಡಿ ಉಸಿರು ಬಿಡೋಕೆ ಕೊಡ್ಬೇಕು, ಮುಖ ತಿರುಗಿಸಿದ್ರೆ ಉಳಿದದ್ದು ಉಳೀಲಿ. ಹಿಂಗೆ ಕೊಟ್ರೆ ಎದೆ ಬಿಟ್ಟು ಬಾಟಲಿಗೇ ಹಟ ಮಾಡೋದು ಕಮ್ಮಿ. ಬಾಟಲಿ ಒಲ್ಲದ ಕೂಸಿಗೆ ಸಣ್ಣ ಲೋಟ, ಚಮಚ ಇದೆ, ತೊಳೆಯೋಕೂ ಸುಲಭ.

ಮಾರ್ಚ್ ಕೊನೆಲಿ ಆಫೀಸ್ ಕೆಲಸ ಏರಿ ಹಾಲು ಸಾಲದ ದಿನ ಪುಡಿ ಹಾಲೂ ಕೊಟ್ಟಿದ್ದೇನೆ, ಅದಕ್ಕೆ ಯಾರೂ ತಪ್ಪು ಮಾಡಿದ ಹಂಗೆ ಕೊರಗೋದು ಬೇಡ. ಡಬ್ಬಿ ಮೇಲೆ ಬರೆದ ಅಳತೆನೇ ಹಾಕಿ, ಮೊದಲು ನೀರು ಆಮೇಲೆ ಪುಡಿ, ಉಳಿತಾಯಕ್ಕೆ ಅಂತ ನೀರು ಜಾಸ್ತಿ ಮಾಡಿದ್ರೆ ಕೂಸು ಸೊರಗ್ತದೆ. ಕುದಿಸಿದ ನೀರು ಅರ್ಧ ತಾಸಿನೊಳಗೆ, ಇನ್ನೂ ಬಿಸಿ ಇದ್ದಾಗಲೇ ಪುಡಿ ಕಲಸಿ, ಆಮೇಲೆ ಆರಿಸಿ ಕೊಡೋದು.

ನಮ್ಮ ಮಳೆಗಾಲದಲ್ಲಿ ಬಾಟಲಿ ಒಣಗೋದೇ ಇಲ್ಲ, ನಿಪ್ಪಲ್ ಒಳಗೆ ಬ್ರಶ್ ಬುಡದಲ್ಲಿ ಬೂಸ್ಟು ಬರ್ತದೆ. ಎಲ್ಲಾ ಬಿಚ್ಚಿ ಸೋಪ್ ನೀರಲ್ಲಿ ತಿಕ್ಕಿ 5 ನಿಮಿಷ ಕುದಿಸಿ, ಬಟ್ಟೆಲಿ ಒರೆಸದೇ ಹಂಗೇ ಗಾಳಿಗೆ ಬೋರಲು ಹಾಕಿ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೀಬೇಡಿ, ಮುಚ್ಚಿದ್ರೆ ಸುಮಾರು 4 ತಾಸು ತಂಪು ಇರ್ತದೆ. ಅದಕ್ಕಿಂತ ಜಾಸ್ತಿ ಹೊತ್ತಾದ್ರೆ ಆ ಹಾಲು ಕೊಡ್ಬೇಡಿ, ಎಷ್ಟೇ ಕಷ್ಟಪಟ್ಟು ಹಿಂಡಿದ್ರೂ.