ರೊಟ್ಟಿ ಮಾರುವ ಮೊದಲು ನಿಮ್ಮ ಕೂಲಿ ಹಿಡಿಯಿರಿ

ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಖಡಕ್ ರೊಟ್ಟಿ ಬಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಕೈಕೊಡುವುದು ಲೆಕ್ಕ. ವರ್ಷವಿಡೀ ಒಲೆಯ ಮುಂದೆ ಕುಳಿತು, ಏನೂ ಗಿಟ್ಟಲಿಲ್ಲ ಎಂದು ಮಾರಾಟ ನಿಲ್ಲಿಸಿದವರನ್ನು ಬಹಳ ಕಂಡಿದ್ದೇನೆ.

1. ಹೊಸದಾಗಿ ಬೀಸಿದ ಬಿಳಿಜೋಳದ ಹಿಟ್ಟು, ಕುದಿಯುವ ನೀರು. ಹಳೆಯ ಹಿಟ್ಟಾದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ಮೈದಾ ಬೆರೆಸಿ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

2. ಬೆಲೆ ಕಟ್ಟುವುದು. ಎಲ್ಲರೂ ಎಡವುವುದು ಇಲ್ಲೇ. ನೂರು ರೊಟ್ಟಿಗೆ ಹಿಟ್ಟು 300 ರೂಪಾಯಿ, ಉರುವಲು 80, ಕವರ್ ಮತ್ತು ಲೇಬಲ್ 40 ಎಂದಿಟ್ಟುಕೊಳ್ಳಿ (ನಿಮ್ಮೂರಿನ ದರ ಹಾಕಿಕೊಳ್ಳಿ). ಒಟ್ಟು 420. ರೊಟ್ಟಿಗೆ ಐದು ರೂಪಾಯಿಯಂತೆ ಮಾರಿದರೆ 500 ಬಂತು, 80 ಉಳಿಯಿತು ಎಂದು ಹಿಗ್ಗುತ್ತಾರೆ. ಐದಾರು ರೊಟ್ಟಿ ಮುರಿಯುವುದನ್ನು ಯಾರೂ ಎಣಿಸುವುದಿಲ್ಲ. ಮಾರಾಟವಾಗಿದ್ದು 95 ಎಂದರೆ ಕೈಗೆ ಬಂದದ್ದು 475, ಉಳಿದದ್ದು ಬರೀ 55. ನಾಲ್ಕು ತಾಸಿನ ದುಡಿಮೆಗೆ ಅಷ್ಟೇ! ಅದೇ ಹೆಂಗಸು ಪಕ್ಕದವರ ಹೊಲದ ಕಳೆ ಕಿತ್ತರೆ ಕೂಲಿ ಕೇಳಿಯೇ ಪಡೆಯುತ್ತಾಳೆ.

ತಾಸಿಗೆ 60 ರೂಪಾಯಿಯಂತೆ ನಿಮ್ಮ ಕೂಲಿ 240 ಸೇರಿಸಿ. ಖರ್ಚು 660 ಆಯಿತು. ಅದನ್ನು ನೂರರಿಂದಲ್ಲ, 95ರಿಂದ ಭಾಗಿಸಿ: ಹತ್ತಿರ ಹತ್ತಿರ ಏಳು ರೂಪಾಯಿ. ಅಂಗಡಿಯವರು ಶೇಕಡಾ 10 ಹಿಡಿದುಕೊಳ್ಳುವುದಾದರೆ ಎಂಟಕ್ಕಿಂತ ಕಡಿಮೆಗೆ ಕೊಡಲೇಬೇಡಿ. ‘ಮನೆಯಲ್ಲೇ ಮಾಡಿದ್ದಲ್ಲವೇ’ ಎಂದು ಚೌಕಾಸಿ ಮಾಡುವ ಗಿರಾಕಿ ಹೋದರೆ ಹೋಗಲಿ.

3. ರೊಟ್ಟಿ ಪೂರ್ತಿ ಆರಿದ ಮೇಲೆಯೇ ಪ್ಯಾಕ್ ಮಾಡಿ. ಬಿಸಿ ಇರುವಾಗ ಕಟ್ಟಿದರೆ ಕವರಿನ ಒಳಗೆ ಹಬೆ ಹನಿಗಟ್ಟಿ ರೊಟ್ಟಿ ಮೆತ್ತಗಾಗುತ್ತದೆ, ಆಮೇಲೆ ಬೂಸ್ಟು. ತೆಳು ಕವರ್ ಅಗ್ಗವೇನೋ ಹೌದು, ಆದರೆ ರೊಟ್ಟಿಯ ಅಂಚು ತಾಗಿದರೆ ಸಾಕು, ಹರಿಯುತ್ತದೆ.

4. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, 14 ಅಂಕಿಯ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕಿ. ಸರ್ಕಾರದ ಫಾಸ್ಕಾಸ್ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರದ್ದೇ ಆದ ಉದ್ಯಮ್ ನೋಂದಣಿಯಂತೂ ಉಚಿತ. ಅದಕ್ಕೂ ದುಡ್ಡು ಕೇಳುವ ಮಧ್ಯವರ್ತಿಗಳಿದ್ದಾರೆ, ಎಚ್ಚರ.

5. ಕ್ಯುಆರ್ ಕೋಡ್ ನಿಮ್ಮ ಖಾತೆಯದ್ದೇ ಆಗಿರಲಿ. ಗಂಡನ ಖಾತೆಗೆ ಬಿದ್ದ ರೊಟ್ಟಿಯ ಹಣ ಗೊಬ್ಬರದ ಅಂಗಡಿ ಸೇರುತ್ತದೆ, ಮರುವಾರದ ಜೋಳಕ್ಕೆ ನೀವು ಕೈಚಾಚಬೇಕಾಗುತ್ತದೆ. ಸ್ತ್ರೀಶಕ್ತಿ ಸಂಘದಲ್ಲಿದ್ದು ನಾಲ್ಕಾರು ಮಂದಿ ಸೇರಿ ಮಾಡುವುದಾದರೆ ಸಂಘದ ಖಾತೆ ಸಾಕು. ಆದರೆ ಯಾರು ಎಷ್ಟು ಬಡಿದರು ಎಂಬುದನ್ನು ಅಂದಂದೇ ಬರೆದಿಡಿ. ತಿಂಗಳ ಕೊನೆಗೆ ನೆನಪಿನ ಮೇಲೆ ಹಂಚಲು ಕುಳಿತರೆ ಜಗಳ ಖಚಿತ.